ಎಳೆಯುವ ಪಾದಕ್ಕೆ ಎಎಫ್‌ಒ: ಅಳತೆ ಕೊಡುವ ಮೊದಲು, ಹಾಕಿಕೊಂಡ ಮೇಲೆ

"ಅಪ್ಪನಿಗೆ ಲಕ್ವ ಹೊಡೆದು ಮೂರು ತಿಂಗಳಾಯ್ತು. ಈಗ ಎದ್ದು ನಡೀತಾರೆ, ಆದ್ರೆ ಬಲಗಾಲಿನ ಪಾದ ಎಳೀತದೆ. ಮೆಡಿಕಲ್‌ನಲ್ಲಿ ಸ್ಪ್ಲಿಂಟ್ ಸಿಗ್ತದಂತೆ, ಯಾವ ಸೈಜ್ ತರಬೇಕು?"

ಸೋಮವಾರಪೇಟೆ ಕಡೆಯಿಂದ, ನಾಪೋಕ್ಲಿನಿಂದ, ಕುಟ್ಟದಿಂದ, ಎಲ್ಲ ಕಡೆಯಿಂದ ಇದೇ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ಎರಡು ನಿಮಿಷದಲ್ಲಿ ಉತ್ತರ ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಸೈಜ್ ವಿಷಯಕ್ಕೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ಆ ಕಾಲನ್ನು ಮುಟ್ಟಿ, ಬಗ್ಗಿಸಿ, ನಡೆಸಿ ನೋಡಬೇಕು. ಆ ಕಾಲು ದಿನಾ ಯಾವ ನೆಲದ ಮೇಲೆ ನಡೆಯುತ್ತದೆ ಅಂತಲೂ ಕೇಳಬೇಕು. ಕೊಡಗಿನಲ್ಲಿ ಈ ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ಮುಖ್ಯ.

ಮೊದಲು ಎರಡು ಪದ ತಿಳಿದುಕೊಳ್ಳಿ. ಪಾದದ ಮುಂಭಾಗವನ್ನು ಮೇಲಕ್ಕೆ ಎತ್ತಲು ಆಗದೆ ಅದು ಜೋತುಬೀಳುವುದಕ್ಕೆ ಫುಟ್ ಡ್ರಾಪ್ ಅನ್ನುತ್ತಾರೆ. ಲಕ್ವದಿಂದ ಬರಬಹುದು, ಸೊಂಟದ ಡಿಸ್ಕ್ ನರವನ್ನು ಒತ್ತಿ ಬರಬಹುದು, ಮಂಡಿಯ ಹೊರಬದಿಯ ನರಕ್ಕೆ ಪೆಟ್ಟಾಗಿ ಬರಬಹುದು. ಸಕ್ಕರೆ ಕಾಯಿಲೆ, ಕುಷ್ಠ ಕೂಡ ಕಾರಣ ಆಗಬಹುದು. ಎಎಫ್‌ಒ (ಆಂಕಲ್ ಫುಟ್ ಆರ್ಥೋಸಿಸ್) ಅಂದರೆ ಮೀನಖಂಡದಿಂದ ಅಂಗಾಲಿನವರೆಗೆ ಕಾಲನ್ನು ಹಿಡಿದು ಪಾದ ಜೋತುಬೀಳದಂತೆ ನಿಲ್ಲಿಸುವ ಪ್ಲಾಸ್ಟಿಕ್ ಸಾಧನ. ನಮ್ಮ ಕಡೆ ಜನ ಸ್ಪ್ಲಿಂಟ್ ಅಂತಾರೆ, ಕೆಲವರು ಕಾಲಿನ ಬೆಲ್ಟ್ ಅಂತಾರೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಪಾದ ಇದ್ದಕ್ಕಿದ್ದಂತೆ ಬಿದ್ದಿದ್ದರೆ ಈ ಲೇಖನ ಓದುತ್ತಾ ಕೂರಬೇಡಿ. ಜೊತೆಗೆ ಮುಖ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕೈ ಸೋತಿದ್ದರೆ ಅದು ಲಕ್ವ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ದರೆ, ತೊಡೆಗಳ ನಡುವೆ ಜೋಮು ಹಿಡಿದಿದ್ದರೆ ಅದೂ ಅಷ್ಟೇ ತುರ್ತು. ಕಾರಣ ಗೊತ್ತಾಗಿ, ಚಿಕಿತ್ಸೆ ಶುರುವಾದ ಮೇಲಿನ ಮಾತು ಎಎಫ್‌ಒ.

ಹಂತ 1: ಹೊರಡುವ ಮೊದಲು

ಇಬ್ಬರು ನಿಮ್ಮನ್ನು ನೋಡಬೇಕಾಗುತ್ತದೆ. ಸ್ನಾಯುಗಳ ಬಲ, ಬಿಗಿತ, ನಡಿಗೆ ನೋಡಿ ವ್ಯಾಯಾಮ ಮಾಡಿಸುವವರು ಫಿಸಿಯೋಥೆರಪಿಸ್ಟ್. ಅಳತೆ ತೆಗೆದು ಸಾಧನ ತಯಾರಿಸಿ ಕೂರಿಸುವವರು ಆರ್ಥೋಟಿಸ್ಟ್. ಆರ್ಥೋಟಿಸ್ಟ್ ಆಗಿ ಕೆಲಸ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆಗಿರಬೇಕು. ನೋಂದಣಿ ಇದೆಯಾ ಅಂತ ಕೇಳಲು ಸಂಕೋಚ ಬೇಡ.

ಕೊಡಗಿನ ಹಲವರು ಇದಕ್ಕಾಗಿ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಅಷ್ಟು ದೂರ ಹೋಗಿ ಒಂದು ವಸ್ತು ಮರೆತಿದ್ದಕ್ಕೆ ವಾಪಸ್ ಬರುವುದು ಬೇಡ ಅಲ್ವಾ. ಇವನ್ನು ಚೀಲಕ್ಕೆ ಹಾಕಿಕೊಳ್ಳಿ:

- ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನ್ ವರದಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ.
- ಮಂಡಿಯ ಮೇಲಕ್ಕೆ ಸುಲಭವಾಗಿ ಬರುವ ಚಡ್ಡಿ ಅಥವಾ ಪಂಚೆ. ಬಿಗಿ ಪ್ಯಾಂಟ್ ಬೇಡ.
- ದಿನಾ ಹಾಕುವ ಹಳೇ ಚಪ್ಪಲಿ ಅಥವಾ ಶೂ. ಇದನ್ನು ಮಾತ್ರ ಮರೆಯಬೇಡಿ. ಪಾದ ಎಳೆಯುವವರ ಚಪ್ಪಲಿಯ ಮುಂತುದಿ ಸವೆದಿರುತ್ತದೆ. ಹೊರ ಅಂಚು ಮಾತ್ರ ಸವೆದಿದ್ದರೆ ಪಾದ ಒಳಕ್ಕೆ ತಿರುಚುತ್ತಿದೆ ಅಂತ ಅರ್ಥ. ರೋಗಿ ಬಾಯಲ್ಲಿ ಹೇಳದ್ದನ್ನು ಚಪ್ಪಲಿ ಹೇಳುತ್ತದೆ.
- ಮೊಬೈಲ್‌ನಲ್ಲಿ ಎರಡು ವಿಡಿಯೋ. ಒಂದು ಮನೆಯೊಳಗೆ ನಡೆಯುವಾಗಿನದ್ದು, ಇನ್ನೊಂದು ಮನೆಯಿಂದ ರಸ್ತೆಗೆ ಹತ್ತುವ ದಾರಿಯಲ್ಲಿ ತೆಗೆದದ್ದು. ಹಿಂದಿನಿಂದಲೂ ಪಕ್ಕದಿಂದಲೂ ತೆಗೆಯಿರಿ. ಮಂಡಿ ಕಾಣಬೇಕು.

ವಿಡಿಯೋ ಯಾಕೆ ಅಂತ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಬ್ಬ ಹಿರಿಯರನ್ನು ಆಸ್ಪತ್ರೆಯ ಸಿಮೆಂಟ್ ವರಾಂಡದಲ್ಲಿ ನಡೆಸಿ ನೋಡಿ, ಎಲ್ಲ ಸರಿ ಇದೆ ಅಂತ ಕಳಿಸಿದೆ. ಅವರ ಮನೆ ಇದ್ದದ್ದು ತೋಟದ ಕೆಳಗೆ, ಕಡಿದಾದ ಇಳಿಜಾರಿನಲ್ಲಿ. ಅದನ್ನು ನಾನು ಕೇಳಿಯೇ ಇರಲಿಲ್ಲ. ವಾರದೊಳಗೆ ಇಳಿಯುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅಂದಿನಿಂದ ಮನೆಯ ದಾರಿ ಹೇಗಿದೆ ಅಂತ ಕೇಳದೆ ನಾನು ಯಾರಿಗೂ ಎಎಫ್‌ಒ ಬರೆದುಕೊಟ್ಟಿಲ್ಲ.

ಹಂತ 2: ಪರೀಕ್ಷೆಯಲ್ಲಿ ಏನೇನು ನೋಡಬೇಕು

ಒಳ್ಳೆಯ ಪರೀಕ್ಷೆಗೆ ಅರ್ಧ ಗಂಟೆಯಾದರೂ ಬೇಕು. ಕಾಲನ್ನು ಮುಟ್ಟದೆ ಬರೀ ಪಾದದ ಉದ್ದ ಅಳೆದು ಕಳಿಸಿದರೆ ಅದು ಪರೀಕ್ಷೆ ಅಲ್ಲ. ಕೆಳಗಿನವು ಆಗುತ್ತಿವೆಯಾ ಅಂತ ನೀವೂ ಗಮನಿಸಿ.

*ಬಲ.* ಪಾದವನ್ನು ಮೇಲೆ ಎತ್ತಿ, ಕೆಳಗೆ ಒತ್ತಿ, ಒಳಗೆ, ಹೊರಗೆ ತಿರುಗಿಸಿ ಅನ್ನುತ್ತಾರೆ. ಪ್ರತಿಯೊಂದಕ್ಕೂ 0ರಿಂದ 5ರವರೆಗೆ ಅಂಕ ಕೊಡುತ್ತಾರೆ. 0 ಅಂದರೆ ಸ್ನಾಯು ಮಿಸುಕಾಡುವುದೂ ಇಲ್ಲ. 3 ಅಂದರೆ ಭೂಮಿಯ ಸೆಳೆತದ ಎದುರು ಎತ್ತಬಲ್ಲರು, ಆದರೆ ಸ್ವಲ್ಪ ಕೈ ಒತ್ತಿದರೂ ಸೋಲುತ್ತದೆ. ಮಂಡಿ ಮತ್ತು ಸೊಂಟದ ಬಲವನ್ನೂ ನೋಡಬೇಕು. ಮಂಡಿ ಕುಸಿಯುವವರಿಗೆ ಬೇರೆ ಬಗೆಯ ಎಎಫ್‌ಒ ಬೇಕಾಗುತ್ತದೆ.

*ಬಿಗಿತ.* ಲಕ್ವದ ನಂತರ ಕೆಲವು ತಿಂಗಳಲ್ಲಿ ಮೀನಖಂಡ ಬಿಗಿಯಾಗುತ್ತಾ ಹೋಗುತ್ತದೆ. ಪಾದವನ್ನು ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಮೇಲೆ ತಳ್ಳಿ ನೋಡುತ್ತಾರೆ. ವೇಗವಾಗಿ ತಳ್ಳಿದಾಗ ಮಾತ್ರ ತಡೆದರೆ ಅದು ನರದಿಂದ ಬಂದ ಬಿಗಿತ, ಸ್ಪಾಸ್ಟಿಸಿಟಿ. ನಿಧಾನವಾಗಿ ತಳ್ಳಿದರೂ ಬಾರದಿದ್ದರೆ ಸ್ನಾಯುವೇ ಗಿಡ್ಡವಾಗಿದೆ.

ಇಲ್ಲಿ ಒಂದು ಸಣ್ಣ ಪರೀಕ್ಷೆ ಇದೆ. ದಯವಿಟ್ಟು ಇದನ್ನು ಬಿಡಲು ಬಿಡಬೇಡಿ. ಮಂಡಿ ಮಡಚಿ ಪಾದವನ್ನು ಮೇಲೆ ತರುತ್ತಾರೆ, ಆಮೇಲೆ ಮಂಡಿ ಪೂರ್ತಿ ನೀಟಿ ಮತ್ತೆ ತರುತ್ತಾರೆ. ಮಡಚಿದಾಗ ಪಾದ ನೇರ 90 ಡಿಗ್ರಿಗೆ ಬಂದು, ನೀಟಿದಾಗ ಬಾರದಿದ್ದರೆ ಮೀನಖಂಡದ ಮೇಲಿನ ಸ್ನಾಯು ಗಿಡ್ಡವಾಗಿದೆ ಅಂತ ಅರ್ಥ. ಕೂತಿದ್ದಾಗ ಅಂಥವರ ಪಾದ 90 ಡಿಗ್ರಿ ಎಎಫ್‌ಒದಲ್ಲಿ ಚೆನ್ನಾಗಿ ಕೂರುತ್ತದೆ. ಎದ್ದು ನಿಂತು ಮಂಡಿ ನೀಟಿದ ಕೂಡಲೇ ಹಿಮ್ಮಡಿ ಒಳಗಿಂದ ಮೇಲಕ್ಕೆ ಜಾರುತ್ತದೆ. ಆಮೇಲೆ ಗುಳ್ಳೆ, ಗಾಯ. "ಸ್ಪ್ಲಿಂಟ್ ಕಚ್ಚುತ್ತೆ" ಅಂತ ಮೂಲೆಗೆ ಎಸೆದವರಲ್ಲಿ ಎಷ್ಟೋ ಜನರ ಕಥೆ ಇದೇ. ಅವರಿಗೆ ಮೊದಲು ಕೆಲವು ವಾರ ಸ್ನಾಯು ಎಳೆದು ಸಡಿಲಿಸುವ ವ್ಯಾಯಾಮ ಬೇಕು. ಇಲ್ಲವೇ ಪಾದ ಎಷ್ಟು ಬರುತ್ತದೋ ಅಷ್ಟೇ ಕೋನದಲ್ಲಿ ಎಎಫ್‌ಒ ಮಾಡಿ, ಹಿಮ್ಮಡಿಯ ಕೆಳಗೆ ಎತ್ತರ ಕೊಡಬೇಕು.

*ಸ್ಪರ್ಶಜ್ಞಾನ.* 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ, ಕಣ್ಣು ಮುಚ್ಚಿಕೊಂಡು ಹೇಳಿ ಅನ್ನುತ್ತಾರೆ. ಗೊತ್ತಾಗದಿದ್ದರೆ ಎಎಫ್‌ಒ ಕಚ್ಚಿದರೂ ನಿಮಗೆ ತಿಳಿಯುವುದಿಲ್ಲ. ಅದರರ್ಥ ಎಎಫ್‌ಒ ಹಾಕಬಾರದು ಅಂತಲ್ಲ, ಎರಡು ಪಟ್ಟು ಜಾಗ್ರತೆ ಬೇಕು ಅಂತ.

*ಚರ್ಮ ಮತ್ತು ಊತ.* ಗಾಯ, ಬೆರಳ ಸಂದಿಯ ಕೊಳೆತ, ಹಳೇ ಕಲೆ, ಎಲ್ಲವನ್ನೂ ತೋರಿಸಿ. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆಯಾ? ಕೇಳದಿದ್ದರೂ ಹೇಳಿ. ತೆರೆದ ಗಾಯ ಇದ್ದರೆ ಮೊದಲು ಅದು ವಾಸಿಯಾಗಲಿ.

*ನಡಿಗೆ.* ಬರಿಗಾಲಲ್ಲಿ ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ. ಕಣ್ಣಿನ ಜೊತೆ ಕಿವಿಯೂ ಬೇಕು. ಹಿಮ್ಮಡಿ ಇಟ್ಟ ಕೂಡಲೇ ಪಾದದ ಮುಂಭಾಗ "ಟಪ್" ಅಂತ ನೆಲಕ್ಕೆ ಬಡಿದರೆ ಸ್ವಲ್ಪ ಬಲ ಉಳಿದಿದೆ. ಬೆರಳೇ ಮೊದಲು ನೆಲ ಮುಟ್ಟಿ ಸರ್ರನೆ ಎಳೆದರೆ ಬಲ ತೀರಾ ಕಡಿಮೆ, ಇಲ್ಲವೇ ಬಿಗಿತ ಜಾಸ್ತಿ. ನಿಂತ ಕಾಲಿನ ಮಂಡಿ ಹಿಂದಕ್ಕೆ ಬಾಗುತ್ತದೆಯಾ ಅನ್ನುವುದನ್ನೂ ಪಕ್ಕದಿಂದ ನೋಡಬೇಕು.

ಹಂತ 3: ಯಾವ ಬಗೆ?

ಇದನ್ನು ತೀರ್ಮಾನಿಸುವವರು ತಜ್ಞರು. ಆದರೂ ಹೆಸರುಗಳು ಗೊತ್ತಿದ್ದರೆ ಅವರ ಜೊತೆ ಮಾತಾಡಲು ಸುಲಭ.

ಹಿಂಬದಿ ತೆಳುವಾಗಿ, ಸ್ವಲ್ಪ ಬಳುಕುವಂಥದ್ದು ಲೀಫ್ ಸ್ಪ್ರಿಂಗ್. ಬಿಗಿತ ಇಲ್ಲದೆ ಬರೀ ಪಾದ ಜೋತುಬಿದ್ದವರಿಗೆ ಇದು ಸಾಕು. ಹಗುರ, ಶೂ ಒಳಗೆ ಸುಲಭವಾಗಿ ಕೂರುತ್ತದೆ. ಹರಡಿನ, ಅಂದರೆ ಕಾಲು ಪಾದಕ್ಕೆ ಸೇರುವ ಕೀಲಿನ, ಎರಡೂ ಗಿಣ್ಣುಗಳನ್ನು ಮುಂದಿನವರೆಗೆ ಆವರಿಸಿ, ಅಲುಗಾಡಲು ಬಿಡದೆ ಹಿಡಿಯುವುದು ಸಾಲಿಡ್. ಬಿಗಿತ ಜಾಸ್ತಿ ಇದ್ದು ಪಾದ ತಿರುಚುವವರಿಗೆ ಇದು ಬೇಕು. ಹರಡಿನ ಹತ್ತಿರ ಕೀಲು ಇರುವುದು ಹಿಂಜ್ಡ್. ಪಾದ ಕೆಳಗೆ ಬೀಳುವುದನ್ನು ತಡೆಯುತ್ತದೆ, ಮೇಲೆ ಬರಲು ಬಿಡುತ್ತದೆ. ಮಂಡಿ ಮುಂದಕ್ಕೆ ಕುಸಿಯುವವರಿಗೆ ಮಂಡಿಯ ಕೆಳಗೆ ಕಾಲಿನ ಮುಂಭಾಗದಲ್ಲಿ ತಟ್ಟೆಯಿರುವ ಗ್ರೌಂಡ್ ರಿಯಾಕ್ಷನ್ ಬಗೆ ಇದೆ.

ನಮ್ಮ ಊರಿನ ವಿಷಯ ಇಲ್ಲಿ ಬರುತ್ತದೆ. ಗುಡ್ಡ ಹತ್ತುವಾಗ ಮಂಡಿಯ ಕೆಳಗಿನ ಕಾಲು ಪಾದದ ಮೇಲೆ ಮುಂದಕ್ಕೆ ಬಾಗಲೇಬೇಕು. ಸಾಲಿಡ್ ಎಎಫ್‌ಒ ಅದನ್ನು ಬಿಡುವುದಿಲ್ಲ, ಹಿಮ್ಮಡಿ ನೆಲದಿಂದ ಏಳುತ್ತದೆ. ಇಳಿಯುವಾಗ ಇನ್ನೂ ಕಷ್ಟ. ಹಿಮ್ಮಡಿ ಇಟ್ಟ ಮೇಲೆ ಪಾದ ಇಳಿಜಾರಿಗೆ ತಕ್ಕಂತೆ ಕೆಳಗೆ ಬಾಗದ ಕಾರಣ ಮಂಡಿ ದಿಢೀರನೆ ಮುಂದಕ್ಕೆ ತಳ್ಳಲ್ಪಡುತ್ತದೆ. ನಾನು ಹೇಳಿದ ಹಿರಿಯರು ಬಿದ್ದದ್ದು ಹೀಗೇ. ಬಿಗಿತ ಕಡಿಮೆ ಇದ್ದು, ಪಾದ 90 ಡಿಗ್ರಿಗಿಂತ ಮೇಲೂ ಬರುವ ಹಾಗಿದ್ದರೆ ಹಿಂಜ್ಡ್ ಸಾಕಾಗುತ್ತದೆಯಾ ಅಂತ ಕೇಳಿ. ಹತ್ತುವಾಗ ಅದರಿಂದ ಅನುಕೂಲ. ಇಳಿಯುವಾಗಿನ ಕಷ್ಟ ಅದರಲ್ಲೂ ಪೂರ್ತಿ ತಪ್ಪುವುದಿಲ್ಲ. ಸಾಲಿಡ್ ಹಾಕಲೇಬೇಕಾದರೆ ಇಳಿಜಾರಿನಲ್ಲಿ ನಡೆಯುವ ಅಭ್ಯಾಸವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಮಾಡಿಸಿಕೊಂಡೇ ಮನೆಗೆ ಹೋಗಿ.

ರೆಡಿಮೇಡ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನರಕ್ಕೆ ಪೆಟ್ಟಾಗಿ ಕೆಲವೇ ತಿಂಗಳಲ್ಲಿ ಸರಿಹೋಗುವ ಸಾಧ್ಯತೆ ಇರುವವರಿಗೆ, ಚರ್ಮ ಚೆನ್ನಾಗಿದ್ದು ಸ್ಪರ್ಶ ಗೊತ್ತಾಗುವವರಿಗೆ ಅದು ನಡೆಯುತ್ತದೆ. ಬಿಗಿತ, ಊತ, ಜೋಮು, ಸೊಟ್ಟ ಪಾದ, ಈ ನಾಲ್ಕರಲ್ಲಿ ಒಂದಿದ್ದರೂ ಅಳತೆ ಕೊಟ್ಟೇ ಮಾಡಿಸಿ.

ಹಂತ 4: ಅಚ್ಚು ತೆಗೆಯುವುದು

ಕುರ್ಚಿಯಲ್ಲಿ ಮಂಡಿ 90 ಡಿಗ್ರಿ ಮಡಚಿ ಕೂರಿಸುತ್ತಾರೆ. ಕಾಲಿಗೆ ತೆಳು ಬಟ್ಟೆಯ ಕಾಲುಚೀಲ ಹಾಕಿ, ಮೂಳೆ ಉಬ್ಬಿದ ಕಡೆಗಳಲ್ಲಿ ಅಳಿಸದ ಪೆನ್ಸಿಲ್‌ನಿಂದ ಗುರುತು ಹಾಕುತ್ತಾರೆ: ಹರಡಿನ ಎರಡು ಗಿಣ್ಣು, ಪಾದದ ಒಳಬದಿಯ ಉಬ್ಬು, ಕಿರುಬೆರಳ ಬದಿಯ ಮಧ್ಯದ ಉಬ್ಬು, ಮಂಡಿಯ ಹೊರಬದಿಯ ಗುಂಡು ಮೂಳೆ. ಪ್ಲಾಸ್ಟರ್ ಬ್ಯಾಂಡೇಜನ್ನು ಒದ್ದೆ ಮಾಡಿ ಸುತ್ತಿದಾಗ ಈ ಗುರುತುಗಳು ಅಚ್ಚಿನ ಒಳಗೆ ಮೂಡುತ್ತವೆ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಅವರು ಪಾದವನ್ನು ಸರಿಯಾದ ಕೋನದಲ್ಲಿ ಹಿಡಿದಿರುತ್ತಾರೆ. ಆ ಕೆಲವು ನಿಮಿಷ ಅಲುಗಾಡಬೇಡಿ, ಸಹಾಯ ಮಾಡೋಣ ಅಂತ ನೀವಾಗಿ ಪಾದ ಎತ್ತಲೂ ಹೋಗಬೇಡಿ. ಬೆಚ್ಚಗಾಗುವುದು ಸಹಜ. ಉರಿದರೆ ತಕ್ಷಣ ಹೇಳಿ.

ಆಮೇಲೆ ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ನಿಮ್ಮ ಕಾಲಿನ ಪಡಿಯಚ್ಚು ಮಾಡಿ, ಮೂಳೆ ಉಬ್ಬಿರುವಲ್ಲಿ ಇನ್ನಷ್ಟು ಉಬ್ಬಿಸಿ, ಕಾಯಿಸಿದ ಪಾಲಿಪ್ರೊಪಿಲೀನ್ ಹಾಳೆಯನ್ನು ಅದರ ಮೇಲೆ ಕೂರಿಸುತ್ತಾರೆ. ಹಾಳೆ ಸಾಮಾನ್ಯವಾಗಿ 3ರಿಂದ 5 ಮಿ.ಮೀ. ದಪ್ಪ.

ಇಲ್ಲಿ ಜನ ಎಡವುವುದು ಎರಡು ಕಡೆ. ಬೆಳಿಗ್ಗೆ ಬೇಗ ಬಸ್ ಹತ್ತಿ, ಮೂರು ನಾಲ್ಕು ಗಂಟೆ ಕಾಲು ಜೋಲುಬಿಟ್ಟು ಕೂತು ಹೋಗುತ್ತಾರೆ. ಕಾಲು ಊದಿರುತ್ತದೆ, ಆ ಊತಕ್ಕೇ ಅಚ್ಚು ತೆಗೆದರೆ ಮನೆಯಲ್ಲಿ ಅದು ಸಡಿಲ. ತಲುಪಿದ ಮೇಲೆ ಅರ್ಧ ಗಂಟೆಯಾದರೂ ಕಾಲನ್ನು ಎತ್ತರದಲ್ಲಿಟ್ಟು ಮಲಗಿ. ಎರಡನೆಯದು, ಮುಂದೆ ಹಾಕಲಿರುವ ಶೂವಿನ ಹಿಮ್ಮಡಿ ಎಷ್ಟು ಎತ್ತರ ಅಂತ ಅಚ್ಚು ತೆಗೆಯುವವರಿಗೆ ತೋರಿಸದೆ ಇರುವುದು. ಆಮೇಲೆ ಬೇರೆ ಎತ್ತರದ ಶೂ ಹಾಕಿದರೆ ಮಂಡಿಯ ಸಮತೋಲವೇ ಬದಲಾಗುತ್ತದೆ.

ಹಂತ 5: ಕೂರಿಸಿ ನೋಡುವ ದಿನ

"ಇನ್ನೊಂದು ಸಲ ಯಾಕೆ ಅಷ್ಟು ದೂರ ಹೋಗೋದು, ಕೊರಿಯರ್‌ನಲ್ಲಿ ಕಳಿಸಿ" ಅನ್ನುವವರಿದ್ದಾರೆ. ಹಾಗೆ ಮಾಡಬೇಡಿ. ಇಡೀ ಕೆಲಸದಲ್ಲಿ ತಪ್ಪಿಸಬಾರದ ದಿನ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನೆರಿಗೆ ಇಲ್ಲದ, ಹೊಲಿಗೆ ಉಬ್ಬದ ಉದ್ದ ಹತ್ತಿ ಕಾಲುಚೀಲ ಹಾಕಿ. ಮಂಡಿ ಮಡಚಿ ಕೂತು, ಮೊದಲು ಹಿಮ್ಮಡಿಯನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಹರಡಿನ ಮೇಲೆ ಓರೆಯಾಗಿ ಬರುವ ಪಟ್ಟಿಯನ್ನು ಮೊದಲು ಕಟ್ಟಿ, ಮೀನಖಂಡದ ಪಟ್ಟಿ ಆಮೇಲೆ. ಈ ಕ್ರಮ ತಪ್ಪಿದರೆ ಹಿಮ್ಮಡಿ ಮೇಲೇ ಉಳಿಯುತ್ತದೆ. ಈಗ ಒಂದೊಂದಾಗಿ ನೋಡಿ:

- ಹಿಮ್ಮಡಿ ತಳ ಮುಟ್ಟಿದೆಯಾ? ನಿಂತಾಗಲೂ ಮುಟ್ಟಿರುತ್ತದೆಯಾ?
- ಮೇಲಿನ ಅಂಚು ಮಂಡಿಯ ಹೊರಬದಿಯ ಗುಂಡು ಮೂಳೆಗಿಂತ ಎರಡು ಬೆರಳು ಕೆಳಗಿದೆಯಾ? ಆ ಮೂಳೆಯನ್ನು ಸುತ್ತಿಕೊಂಡೇ ಪಾದ ಎತ್ತುವ ನರ ಹೋಗುತ್ತದೆ. ಅಲ್ಲಿ ಒತ್ತಿದರೆ ಇರುವ ತೊಂದರೆ ಜಾಸ್ತಿಯಾಗುತ್ತದೆ.
- ಹರಡಿನ ಗಿಣ್ಣುಗಳ ಸುತ್ತ ಜಾಗ ಇದೆಯಾ?
- ಪಟ್ಟಿಯ ಕೆಳಗೆ ಒಂದು ಬೆರಳು ನುಸುಳುತ್ತದೆಯಾ?
- ಅಂಚುಗಳನ್ನು ಬೆರಳಿಂದ ಸವರಿ. ಎಲ್ಲಾದರೂ ಚುಚ್ಚಿದರೆ ಅಲ್ಲೇ ಉಜ್ಜಿಸಿ.

ಆಮೇಲೆ ಶೂ ಹಾಕಿ ಹತ್ತು ನಿಮಿಷ ನಡೆಯಿರಿ. ಮೆಟ್ಟಿಲು, ಇಳಿಜಾರು ಎಲ್ಲಿದ್ದರೂ ಹುಡುಕಿ ನಡೆಯಿರಿ, ಆಸ್ಪತ್ರೆಯ ಸ್ಟ್ರೆಚರ್ ಹೋಗುವ ರ‍್ಯಾಂಪ್ ಆದರೂ ಸರಿ. ಬಿಚ್ಚಿ, ಕಾಲುಚೀಲ ತೆಗೆದು ಚರ್ಮ ನೋಡಿ. ಕೆಂಪಾಗಿರುವುದು ಸಾಮಾನ್ಯ. 20-30 ನಿಮಿಷದಲ್ಲಿ ಆ ಕೆಂಪು ಮಾಯವಾಗಬೇಕು. ಆಗದಿದ್ದರೆ ಅಲ್ಲಿ ಒತ್ತುತ್ತಿದೆ.

ಎಲ್ಲಿ ಒತ್ತುತ್ತಿದೆ ಅಂತ ಸರಿಯಾಗಿ ಹಿಡಿಯಲು ಒಂದು ಹಳೆಯ ಉಪಾಯ ಇದೆ. ಕೆಂಪಾದ ಜಾಗದಲ್ಲಿ ಕಾಲುಚೀಲದ ಮೇಲೆ ಲಿಪ್‌ಸ್ಟಿಕ್ ಬಳಿದು ಎಎಫ್‌ಒ ಹಾಕಿ ನಿಲ್ಲಿಸುತ್ತೇವೆ. ಬಿಚ್ಚಿದಾಗ ಬಿಳೀ ಪ್ಲಾಸ್ಟಿಕ್ ಮೇಲೆ ಕೆಂಪು ಚುಕ್ಕೆ ಬಿದ್ದಿರುತ್ತದೆ. ಆರ್ಥೋಟಿಸ್ಟ್ ಸರಿಯಾಗಿ ಆ ಚುಕ್ಕೆಯ ಹತ್ತಿರ ಬಿಸಿಗಾಳಿ ಹಿಡಿದು ಪ್ಲಾಸ್ಟಿಕ್ಕನ್ನು ಹೊರಕ್ಕೆ ಉಬ್ಬಿಸುತ್ತಾರೆ. ಕೆಲವೇ ನಿಮಿಷದ ಕೆಲಸ, ಆದರೆ ಅದು ಅವರ ಕೋಣೆಯಲ್ಲೇ ಆಗಬೇಕು. ಮನೆಯಲ್ಲಿ ಗ್ಯಾಸ್ ಒಲೆಗೆ ಹಿಡಿದು ಬಗ್ಗಿಸಲು ಹೋಗಬೇಡಿ. ಹಾಗೆ ಮಾಡಿ ಹಾಳಾದವನ್ನು ನೋಡಿದ್ದೇನೆ.

ಹಂತ 6: ಶೂ

ಎಎಫ್‌ಒ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಶೂ ಜೊತೆ ಸೇರಿ ಮಾಡುತ್ತದೆ. ಅಗಲ ಬಾಯಿ, ವೆಲ್ಕ್ರೋ ಪಟ್ಟಿ, ತೆಗೆಯಬಹುದಾದ ಒಳಹಾಸು, ಜಾರದ ಅಡಿ ಇರುವ ಶೂ ನೋಡಿ. ಸಾಮಾನ್ಯವಾಗಿ ಅರ್ಧದಿಂದ ಒಂದು ಸೈಜ್ ದೊಡ್ಡದು ಬೇಕಾಗುತ್ತದೆ. ಇನ್ನೊಂದು ಕಾಲಿನ ಶೂ ಸಡಿಲವಾದರೆ ಅದರೊಳಗೆ ಒಂದು ಹಾಸು ಹೆಚ್ಚಿಗೆ ಹಾಕಿ. ಎರಡೂ ಕಾಲಿನ ಎತ್ತರ ಸಮ ಆಗಬೇಕು. ಹವಾಯಿ ಚಪ್ಪಲಿ ನಡೆಯುವುದಿಲ್ಲ.

ನಮ್ಮ ಮನೆಗಳಲ್ಲಿ ಶೂ ಒಳಗೆ ಬರುವುದಿಲ್ಲ. ಐನ್‌ಮನೆಯ (ಕೊಡವರ ಪೂರ್ವಿಕರ ಮನೆ) ನಡುಮನೆಗಂತೂ ಬರುವ ಹಾಗೇ ಇಲ್ಲ. ಅದಕ್ಕೆ ಅನೇಕರು ಬರೀ ಎಎಫ್‌ಒ ಹಾಕಿ ಮನೆಯೊಳಗೆ ಓಡಾಡುತ್ತಾರೆ. ನುಣುಪು ಪ್ಲಾಸ್ಟಿಕ್, ನುಣುಪು ರೆಡ್ ಆಕ್ಸೈಡ್ ನೆಲ. ಜಾರಿ ಬೀಳುವುದು ಖಂಡಿತ. ಮನೆಯೊಳಗೆ ಮಾತ್ರ ಹಾಕುವ ಇನ್ನೊಂದು ಜೊತೆ ಶುಭ್ರವಾದ ಶೂ ಇಟ್ಟುಕೊಳ್ಳಿ. ಹಿರಿಯರಿಗೆ ಅದೂ ಮನಸ್ಸಿಗೆ ಒಪ್ಪದಿದ್ದರೆ ಎಎಫ್‌ಒದ ಅಡಿಗೆ ರಬ್ಬರ್ ಹಾಳೆ ಅಂಟಿಸಿಕೊಡಿ ಅಂತ ಆರ್ಥೋಟಿಸ್ಟ್‌ಗೇ ಹೇಳಿ. ಆಗ ಇನ್ನೊಂದು ಕಾಲು ಅಷ್ಟೇ ಎತ್ತರ ತಗ್ಗಿರುತ್ತದೆ, ಅದಕ್ಕೇನು ಮಾಡಬೇಕು ಅಂತಲೂ ಕೇಳಿಕೊಳ್ಳಿ.

ಹಂತ 7: ಮೊದಲ ಎರಡು ವಾರ

ಮೊದಲ ದಿನವೇ ಬೆಳಗಿನಿಂದ ಸಂಜೆವರೆಗೆ ಹಾಕಬೇಡಿ. ಮೊದಲೆರಡು ದಿನ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಪ್ರತಿ ಸಲ ಬಿಚ್ಚಿದಾಗ ಚರ್ಮ ನೋಡಿ. ತೊಂದರೆ ಇಲ್ಲದಿದ್ದರೆ ದಿನಕ್ಕೆ ಒಂದು ಗಂಟೆಯಂತೆ ಏರಿಸಿ. ಒಂದೆರಡು ವಾರದಲ್ಲಿ ಇಡೀ ದಿನ ಹಾಕುವ ಮಟ್ಟಕ್ಕೆ ಬರುತ್ತೀರಿ. ಜೋಮು ಇರುವವರು ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು, ಇಲ್ಲವೇ ಮನೆಯವರು ನೋಡಬೇಕು. ಗುಳ್ಳೆ ಎದ್ದರೆ ಅಲ್ಲಿಗೆ ನಿಲ್ಲಿಸಿ. ಹತ್ತಿ ಇಟ್ಟು ಮುಂದುವರಿಸಿದರೆ ಆ ಜಾಗದ ಒತ್ತಡ ಇನ್ನೂ ಹೆಚ್ಚಾಗುತ್ತದೆ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಎಎಫ್‌ಒ ಇರುವ ಕಾಲು ಮೊದಲು. ಕೋಲು ಗಟ್ಟಿ ಕಾಲಿನ ಕಡೆಯ ಕೈಯಲ್ಲಿರಲಿ. ಕಡಿದಾದ ಜಾಗದಲ್ಲಿ ಓರೆಯಾಗಿ, ಚಿಕ್ಕ ಹೆಜ್ಜೆ ಇಟ್ಟು ಇಳಿಯಿರಿ. ಮನೆಯಿಂದ ಗೇಟಿನವರೆಗೆ ಒಂದು ಬದಿಗೆ ಬಿದಿರಿನ ಅಥವಾ ಜಿಐ ಪೈಪಿನ ಕೈಹಿಡಿ ಹಾಕಿಸಿದರೆ ಅದಕ್ಕಿಂತ ಒಳ್ಳೆ ಸಹಾಯ ಇನ್ನೊಂದಿಲ್ಲ.

ವ್ಯಾಯಾಮ ನಿಲ್ಲಿಸಬೇಡಿ. ಎಎಫ್‌ಒ ಬಂತಲ್ಲ ಅಂತ ಫಿಸಿಯೋಥೆರಪಿ ಬಿಟ್ಟವರ ಮೀನಖಂಡ ಮತ್ತೆ ಗಿಡ್ಡವಾಗಿ, ಸರಿಯಾಗಿ ಕೂತಿದ್ದ ಎಎಫ್‌ಒ ಕೂರದೆ ಹೋಗುತ್ತದೆ.

ಹಂತ 8: ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದೇ ಕಷ್ಟ, ಇನ್ನು ದಪ್ಪ ಕಾಲುಚೀಲದ ಕಥೆ ಏನು. ಒದ್ದೆ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಹಾಕಿದರೆ ಚರ್ಮ ಬಿಳಿಚಿ ಮೆತ್ತಗಾಗುತ್ತದೆ, ಸ್ವಲ್ಪ ಉಜ್ಜಿದರೂ ಸುಲಿಯುತ್ತದೆ. ಕನಿಷ್ಠ ಆರು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಹೊರಗೆ ಹೋಗಿ ಬಂದ ಕೂಡಲೇ ಬಿಚ್ಚಿ, ಬೆರಳ ಸಂದಿ ಒರೆಸಿ, ಎಎಫ್‌ಒವನ್ನು ಒದ್ದೆ ಬಟ್ಟೆ ಮತ್ತು ಸೋಪಿನಿಂದ ಒರೆಸಿ ಗಾಳಿಗೆ ಇಡಿ. ಬಚ್ಚಲ ಒಲೆಯ ಹತ್ತಿರ, ಕೆಂಡದ ಹತ್ತಿರ ಒಣಗಿಸಬೇಡಿ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿದ ಜೀಪಿನೊಳಗೂ ಬಿಡಬೇಡಿ.

ತೋಟಕ್ಕೆ ಹೋಗುವವರು ಗಂಬೂಟ್ ಕೇಳುತ್ತಾರೆ. ಮಾಮೂಲಿ ಗಂಬೂಟಿನ ಕೊಳವೆಯಲ್ಲಿ ಎಎಫ್‌ಒ ಇಳಿಯುವುದಿಲ್ಲ, ಇಳಿದರೂ ತೆಗೆಯಲು ಬರುವುದಿಲ್ಲ. ಎಎಫ್‌ಒವನ್ನೇ ಅಂಗಡಿಗೆ ಒಯ್ದು, ಹಾಕಿ ನೋಡಿ ಅಗಲದ್ದನ್ನು ಆರಿಸಿ. ಜಿಗಣೆ ಇರುವ ಕಡೆ ಹೋಗಿ ಬಂದರೆ ಜೋಮು ಇರುವ ಕಾಲನ್ನು ಬೆಳಕಿನಲ್ಲಿ ಪೂರ್ತಿ ಬಿಚ್ಚಿ ನೋಡಿ. ಕಚ್ಚಿದ್ದು ಗೊತ್ತಾಗುವುದಿಲ್ಲ, ಆ ಗಾಯದ ಮೇಲೆ ಪಟ್ಟಿ ಉಜ್ಜುತ್ತಿರುತ್ತದೆ.

ಖರ್ಚು ಮತ್ತು ಕಾಗದಪತ್ರ

ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಅಂಗವೈಕಲ್ಯ 40%ಗಿಂತ ಕಡಿಮೆ ಇಲ್ಲದವರಿಗೆ, ಆದಾಯ ಮಿತಿಯೊಳಗಿದ್ದರೆ, ಸಾಧನಗಳನ್ನು ಕೊಡುತ್ತಾರೆ. ಕಾನ್ಪುರದ ಆಲಿಮ್ಕೋ ಸಂಸ್ಥೆ ಇದಕ್ಕಾಗಿ ಶಿಬಿರಗಳನ್ನು ಮಾಡುತ್ತದೆ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ), ಆದಾಯ ಪ್ರಮಾಣಪತ್ರ, ಆಧಾರ್, ಫೋಟೋ ಸಿದ್ಧವಿರಲಿ. ಯುಡಿಐಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಶಿಬಿರದಲ್ಲಿ ಕೊಟ್ಟ ಸಾಧನಕ್ಕೂ ಐದನೇ ಹಂತದ ಪಟ್ಟಿಯನ್ನೇ ಹಿಡಿದು ನೋಡಿ. ಉಚಿತವಾಗಿ ಬಂತು ಅಂತ ಒತ್ತುವುದನ್ನು ಸಹಿಸಿಕೊಳ್ಳಬೇಡಿ, ಸರಿಮಾಡಿಕೊಡಿ ಅಂತ ಕೇಳುವ ಹಕ್ಕು ನಿಮಗಿದೆ.

ಮತ್ತೆ ಯಾವಾಗ ತೋರಿಸಬೇಕು?

ಕೊಟ್ಟ ಎರಡು ವಾರಕ್ಕೆ ಒಂದು ಸಲ, ಆಮೇಲೆ ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ. ಮಕ್ಕಳಾದರೆ ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಿ. ಬೆರಳು ತಳದ ಅಂಚು ದಾಟಿದರೆ ಅಥವಾ ಗಿಣ್ಣು ತನ್ನ ಜಾಗ ಬಿಟ್ಟು ಮೇಲೆ ಬಂದರೆ ಆ ಎಎಫ್‌ಒ ಚಿಕ್ಕದಾಯಿತು ಅಂತ ಲೆಕ್ಕ. ದೊಡ್ಡವರಲ್ಲಿ ತೂಕ ತುಂಬಾ ಬದಲಾದರೆ, ಬಿಗಿತ ಹೆಚ್ಚಿದರೆ, ಪ್ಲಾಸ್ಟಿಕ್‌ನಲ್ಲಿ ಬಿಳೀ ಗೆರೆ ಕಂಡರೆ ಬೇಗ ಹೋಗಿ. ಬಾಗಿ ಬಾಗಿ ದಣಿದ ಜಾಗ ಮೊದಲು ಬಿಳಿಚಿ, ಆಮೇಲೆ ಸೀಳುತ್ತದೆ. ವೆಲ್ಕ್ರೋದಲ್ಲಿ ಕೂದಲು, ನೂಲು ಸಿಕ್ಕಿ ಹಿಡಿತ ಹೋಗಿದ್ದರೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ. ಅದಕ್ಕೂ ಹಿಡಿಯದಿದ್ದರೆ ಪಟ್ಟಿ ಮಾತ್ರ ಬದಲಿಸಿದರೆ ಸಾಕು, ಚೀಲ ಹೊಲಿಯುವವರೂ ಹೊಲಿದುಕೊಡುತ್ತಾರೆ. ಹಳೇ ಪಟ್ಟಿಯಷ್ಟೇ ಉದ್ದ, ಅಷ್ಟೇ ಅಗಲ ಇರಲಿ ಅಂತ ಹೇಳಿ ಕೊಡಿ.